ಜಾರಲ್ಲ ಅನ್ನೋ ಶೂ, ವಾಷಿಂಗ್ ಹುಡುಗ್ರಿಗೆ ತರ್ಸಿದ್ದು: 5ಕ್ಕೆ 3.5

ಬೆಂಗಳೂರು ಏರ್‌ಪೋರ್ಟ್ ಕಡೆ ಸೆಲ್ಫ್ ಡ್ರೈವ್ ಕಾರು, ಟಿಟಿ (ಟೆಂಪೋ ಟ್ರಾವೆಲರ್) ಬಾಡಿಗೆಗೆ ಕೊಡೋ ಯಾರ್ಡಲ್ಲಿ ಸೂಪರ್‌ವೈಸರ್ ನಾನು. ಗಾಡಿ ವಾಪಸ್ ಬಂದ ತಕ್ಷಣ ಮುಂದಿನ ಬುಕಿಂಗ್‌ಗೆ ತೊಳ್ದು ನಿಲ್ಲಿಸ್ಬೇಕು, ನೆಲದ ತುಂಬಾ ಶಾಂಪೂ ನೊರೆ, ಹುಡುಗ್ರು ಹವಾಯಿ ಚಪ್ಪಲೀಲೇ ಓಡಾಡೋದು, ಯಾರಾದ್ರೂ ಜಾರಿ ಬೀಳ್ತಾನೇ ಇರ್ತಾರೆ. ಒಬ್ಬನಿಗೆ ಮಣಿಕಟ್ಟು ಫ್ರಾಕ್ಚರ್ ಆದ್ಮೇಲೆ ಓನರ್ರು ಎಲ್ರಿಗೂ ಇದನ್ನ ತರ್ಸಿದ್ರು.

ನೊರೆ ನೀರಲ್ಲಿ ಗ್ರಿಪ್ ಸೂಪರ್, ಅದ್ರಲ್ಲಿ ಎರಡು ಮಾತಿಲ್ಲ. ಎಸ್‌ಆರ್‌ಸಿ ಅನ್ನೋ ಮಾರ್ಕ್ ನೋಡಿ ತಗೊಳ್ಳಿ, ಸೋಪು ನೀರು ಹಾಕಿರೋ ಟೈಲ್ಸು, ಗ್ಲಿಸರಿನ್ ಸವರಿರೋ ಸ್ಟೀಲು ಎರಡರ ಮೇಲೂ ಟೆಸ್ಟ್ ಆಗಿರುತ್ತೆ. ಬರೀ ಸ್ಟೀಲ್ ಟೋ ನೋಡಿ ತಗೊಂಡ್ರೆ ಬೆರಳು ಉಳಿಯುತ್ತೆ ಅಷ್ಟೇ, ಜಾರೋದು ತಪ್ಪಲ್ಲ.

ಆದ್ರೆ ಟೈರ್ ಪಾಲಿಶ್ ಸ್ಪ್ರೇ ನೆಲಕ್ಕೆ ಬಿದ್ರೆ ಈ ಶೂನೂ ಸರ್ರಂತ ಜಾರುತ್ತೆ, ಸಿಲಿಕೋನ್ ಇರುತ್ತಲ್ಲ, ಬರೀ ನೀರು ಹೊಡುದ್ರೆ ಹೋಗಲ್ಲ. ಈಗ ಬಟ್ಟೆಗೆ ಹೊಡ್ಕೊಂಡು ಒರೆಸ್ತೀವಿ. ಇನ್ನು ಟಿಟಿ ಟಾಪ್ ತೊಳೆಯೋಕೆ ಟೈರ್ ಮೇಲೆ ಕಾಲಿಟ್ಟು ಹತ್ತೋನನ್ನ ಯಾವ ಶೂನೂ ಕಾಪಾಡಲ್ಲ, ಅದಕ್ಕೆ ರೇಲಿಂಗ್ ಇರೋ ಸ್ಟ್ಯಾಂಡ್ ಬೇಕು, ಕೇಳಿದ್ರೆ "ಶೂ ಕೊಡ್ಸಿದೀನಲ್ಲಪ್ಪ" ಅಂತಾರೆ ಓನರ್ರು. ನೀವು ಓನರ್ ಆಗಿದ್ರೆ ಈ ಡೈಲಾಗ್ ಹೊಡೀಬೇಡಿ, ಮೇಲಿಂದ ಬಿದ್ರೆ ಸೊಂಟಾನೇ ಹೋಗುತ್ತೆ.

ಶೂಗೆ ಸಂಬಂಧ ಇಲ್ದಿದ್ರೂ ಒಂದ್ ಮಾತು. ಸಂಬಳ 21,000 ಒಳಗಿದ್ದು ಇಎಸ್‌ಐ (ಸರ್ಕಾರದ ಕಾರ್ಮಿಕರ ವಿಮೆ) ಇದ್ರೆ, ಡ್ಯೂಟೀಲಿ ಬಿದ್ದು 3 ದಿನಾನಾದ್ರೂ ಕೆಲ್ಸ ಮಾಡೋಕಾಗ್ದೆ ಇದ್ರೆ ಕೂಲಿಯ 90% ಬರುತ್ತೆ, ನಿನ್ನೆ ಸೇರಿದ ಹುಡುಗನಿಗೂ ಬರುತ್ತೆ. ಆಕ್ಸಿಡೆಂಟ್ ಬುಕ್ಕಲ್ಲಿ ಅವತ್ತೇ ಬರೆಸ್ಬಿಡಿ, ಮನೇಲಿ ಬಿದ್ದೆ ಅಂತ ಹೇಳು ಅಂದ್ರೆ ಒಪ್ಕೋಬೇಡಿ.

ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಒಳಗೆ ನೀರು ಹೋದ್ರೆ ಮಾರನೇ ದಿನಕ್ಕೂ ಒಣಗಲ್ಲ, ವಾಸನೆ ಬೇರೆ, ಅದಕ್ಕೇ ನೈಟ್ ಶಿಫ್ಟ್ ಹುಡುಗ್ರು ಮತ್ತೆ ಚಪ್ಪಲಿಗೇ ಬಂದಿದಾರೆ. ಸೋಲ್ ಸಂದೀಲಿ ಮಣ್ಣು ತುಂಬ್ಕೊಂಡ್ರೆ ಗ್ರಿಪ್ಪೂ ಇಲ್ಲ, ದಿನಾ ಬ್ರಶ್ ಹಾಕ್ಬೇಕು. ಇದೇ ಸೋಲ್ ಗಮ್‌ಬೂಟಲ್ಲಿ ಸಿಕ್ರೆ ಅದನ್ನೇ ತಗೊಳ್ಳಿ, ಇದನ್ನೇ ತಗೊಳ್ಳೋದಾದ್ರೆ ಒಂದ್ ಸೈಜ್ ದೊಡ್ದು ಆರ್ಡರ್ ಮಾಡಿ.