ಹೊಕ್ಕೈಡೋದ ಹಿಮತಾಣದಲ್ಲಿ ಹಿಲ್ಟನ್, ಹಯಾತ್ ಅಥವಾ ವೆಸ್ಟಿನ್?

ಜಪಾನಿನ ಹೊಕ್ಕೈಡೋ ದ್ವೀಪದ ನಿಸೆಕೊ ಮತ್ತು ರುಸುತ್ಸು ಸ್ಕೀ ತಾಣಗಳು. ನಿಸೆಕೊದ ಹಿಲ್ಟನ್ ನಿಸೆಕೊ ವಿಲೇಜ್ ಮತ್ತು ಪಾರ್ಕ್ ಹಯಾತ್ ಹನಜೊನೊ, ರುಸುತ್ಸುವಿನ ವೆಸ್ಟಿನ್, ಈ ಮೂರರಲ್ಲಿ ಆಯ್ಕೆ ಮಾಡುವವರು ಹೋಟೆಲ್ ಸಮೂಹಗಳು ತಮ್ಮ ಸದಸ್ಯರಿಗೆ ಕೊಡುವ ಶ್ರೇಣಿಯನ್ನಷ್ಟೇ ನೋಡಿದರೆ ಸಾಲದು.

ಶ್ರೇಣಿಯಿಂದ ಸಿಗುವ ಹೆಚ್ಚು ತೂಕದ ಸವಲತ್ತು ಉಚಿತ ಬೆಳಗಿನ ಉಪಾಹಾರ. ಬೆಟ್ಟದ ಬುಡದಲ್ಲಿ ಅಗ್ಗದ ತಿಂಡಿಯಂಗಡಿಗಳು ವಿರಳ. ಕುಟುಂಬಕ್ಕೆ ದಿನವೂ ಕೆಲವು ಸಾವಿರ ಯೆನ್ ಉಳಿಯುತ್ತದೆ. ಹಿಲ್ಟನ್‌ನಲ್ಲಿ ಗೋಲ್ಡ್ ಶ್ರೇಣಿಗೇ ಇದು ದೊರೆಯುತ್ತದೆ. ಹಯಾತ್‌ನಲ್ಲಿ ವರ್ಷಕ್ಕೆ 60 ರಾತ್ರಿ ತಂಗಿ ಗಳಿಸುವ ಗ್ಲೋಬಲಿಸ್ಟ್ ಶ್ರೇಣಿ ಬೇಕು. ಉಪಾಹಾರದ ಮಿಸೊ (ಹುದುಗಿಸಿದ ಸೋಯಾ) ಸಾರಿನಲ್ಲೂ ಸಾಮಾನ್ಯವಾಗಿ ಮೀನಿನ ರಸ ಬೆರೆತಿರುವುದರಿಂದ ಸಸ್ಯಾಹಾರಿಗಳು ವಿಚಾರಿಸಿಯೇ ಬಡಿಸಿಕೊಳ್ಳಬೇಕು.

ಶ್ರೇಣಿಯ ಸವಲತ್ತಾಗಿ ದೊಡ್ಡ ಕೋಣೆ ಸಿಗುವ ಆಸೆಯನ್ನು ಜನವರಿ, ಫೆಬ್ರವರಿಯಲ್ಲಿ ಬದಿಗಿಡುವುದು ಒಳಿತು, ಏಕೆಂದರೆ ಆಗ ಹೋಟೆಲ್‌ಗಳು ತುಂಬಿರುತ್ತವೆ. ತಡವಾಗಿ ಕೋಣೆ ಬಿಡುವ ಅನುಕೂಲವೂ ರೆಸಾರ್ಟ್‌ಗಳಲ್ಲಿ ಲಭ್ಯತೆಯನ್ನೇ ಅವಲಂಬಿಸಿದೆ. ಕೊನೆಯ ದಿನವೂ ಸ್ಕೀ ಮಾಡಬೇಕೆಂದರೆ ಮುಂಚಿತವಾಗಿ ಕೇಳಿಡಿ.

ನ್ಯೂ ಚಿಟೋಸೆ ವಿಮಾನನಿಲ್ದಾಣದಿಂದ ರುಸುತ್ಸು ನಿಸೆಕೊಗಿಂತ ಹತ್ತಿರ. ಪುಟ್ಟ ಮಕ್ಕಳಿದ್ದು, ಮ್ಯಾರಿಯಟ್ ಶ್ರೇಣಿಯೂ ಇದ್ದರೆ ಆ ಸಮೂಹಕ್ಕೆ ಸೇರಿದ ವೆಸ್ಟಿನ್ ಸೂಕ್ತ. ಒಂದೇ ಲಿಫ್ಟ್ ಪಾಸ್‌ನಲ್ಲಿ ನಿಸೆಕೊದ ನಾಲ್ಕೂ ಸ್ಕೀ ತಾಣಗಳನ್ನು ಸುತ್ತಬಯಸುವ, ಗೋಲ್ಡ್ ಶ್ರೇಣಿಯುಳ್ಳವರಿಗೆ ಬೆಟ್ಟವೇರಿಸುವ ಗೊಂಡೊಲಾದ (ತೂಗುಬಂಡಿಯ) ಪಕ್ಕದಲ್ಲೇ ಇರುವ ಹಿಲ್ಟನ್ ಅನುಕೂಲ. ಒದ್ದೆಯಾದ ಭಾರದ ಬೂಟುಗಳಲ್ಲಿ ಬಸ್ಸಿಗೆ ಕಾಯುವ ಕಷ್ಟವಿಲ್ಲ, ಸಂಜೆ ಆನ್ಸೆನ್ ಬಿಸಿನೀರಿನಲ್ಲಿ ಕಾಲು ಚಾಚಬಹುದು. ಗ್ಲೋಬಲಿಸ್ಟ್ ಆಗಿದ್ದು, ಕೂಡಿಟ್ಟ ಪಾಯಿಂಟ್‌ಗಳಲ್ಲೇ ತಂಗುವವರು ಪಾರ್ಕ್ ಹಯಾತ್ ಆರಿಸಲಿ. ಯಾವ ಶ್ರೇಣಿಯೂ ಇಲ್ಲದವರು ನಿಸೆಕೊದ ಹಿರಾಫು ಪ್ರದೇಶದ ಸ್ಥಳೀಯ ವಸತಿಗೃಹಗಳನ್ನೂ ಪರಿಶೀಲಿಸಬೇಕು.