ಯೆಜ್ಡಿ ಕಾರ್ಬುರೇಟರ್: ತೊಳೆಯುವುದಾ, ಹೊಸದು ಹಾಕುವುದಾ?

ಹಳೆಯ ಯೆಜ್ಡಿ ಬೈಕಿನ ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ತೊಳೆದರೆ ಸಾಕಾ, ಹೊಸದು ಹಾಕಬೇಕಾ ಎಂದು ಬದಿಯಡ್ಕದಿಂದ ಕೇಳಿದ್ದೀರಿ. ಮೊದಲು ಕಾರ್ಬುರೇಟರ್ ಬಿಚ್ಚಿ, ಒಳಗೆ ಮೇಲೆ ಕೆಳಗೆ ಸರಿದು ಗಾಳಿಯ ದಾರಿ ತೆರೆಯುವ ಸ್ಲೈಡನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ. ಲಟಲಟ ಅಲ್ಲಾಡದೆ ಸರಿಯಾಗಿ ಕೂತಿದ್ದರೆ ತೊಳೆದರೆ ಸಾಕು, ಖರ್ಚು ಗ್ಯಾಸ್ಕೆಟ್ (ಸೋರಿಕೆ ತಡೆಯುವ ಪದರ) ಕಿಟ್‌ಗಷ್ಟೇ. ಪೆಟ್ರೋಲ್ ಹರಿಯುವ ಸಣ್ಣ ತೂತಿನ ಜೆಟ್‌ಗೆ ಮಾತ್ರ ತಂತಿ ತೂರಿಸಬೇಡಿ. ತೂತು ದೊಡ್ಡದಾದರೆ ಪೆಟ್ರೋಲ್ ಜಾಸ್ತಿ ಹರಿಯುತ್ತದೆ. ಗಾಳಿ ಹೊಡೆಯಿರಿ.

ಸ್ಲೈಡ್ ಸವೆದಿದ್ದರೆ ಎಷ್ಟು ತೊಳೆದರೂ ಐಡಲ್ (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ನಿಧಾನಕ್ಕೆ ಓಡುವುದು) ಒಂದೇ ಸಮ ನಿಲ್ಲುವುದಿಲ್ಲ, ಪಕ್ಕದಿಂದ ಗಾಳಿ ನುಗ್ಗುತ್ತದೆ. ಆಗ ಹೊಸದೇ ಸರಿ. ದುಡ್ಡು ಜಾಸ್ತಿ, ಜೆಟ್ ಹೊಂದಿಸುವ ಕೆಲಸವೂ ಇದೆ. ಹೊಂದಿಸಿದ್ದು ಸರಿಯೇ ಎಂದು ಸ್ಪಾರ್ಕ್ ಪ್ಲಗ್ ನೋಡಿ: ಕಪ್ಪಾದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಾದರೆ ಕಡಿಮೆ, ಕಾಫಿ ಬಣ್ಣ ಬಂದರೆ ಸರಿ.

ದಿನಾ ಓಡಿಸುವವರಿಗೆ ಹೊಸದು ನೆಮ್ಮದಿ. ಹಳೆಯದನ್ನು ಬಿಸಾಡಬೇಡಿ, ಈ ಹಳೆಯ ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು ಅಲ್ವಾ, ಅಸಲಿ ಭಾಗ ಮತ್ತೆ ಸಿಗುವುದು ಕಷ್ಟ.

ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಗಾಡಿ ಓಡಿಸದೆ ನಿಲ್ಲಿಸಿಟ್ಟರೆ ಹಳೆಯದು, ಹೊಸದು ಎರಡೂ ಕೆಡುತ್ತವೆ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ. ನಿಲ್ಲಿಸುವ ಮುಂಚೆ ಕಾರ್ಬುರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬೌಲ್ ಖಾಲಿ ಮಾಡಿ.