ಕೋರ್ಸ್ ಮುಗಿಸಿದವರಿಗೆ ಕೆಲಸ ಸಿಕ್ಕಿತಾ: ಸರ್ವೆಯೋ, ಸಂಬಳದ ದಾಖಲೆಯೋ?

ಅಮೆರಿಕದ ಕಮ್ಯುನಿಟಿ ಕಾಲೇಜಿನ (ಊರಿನವರಿಗಾಗಿ ಇರುವ ಎರಡು ವರ್ಷದ ಕಾಲೇಜು) ಕ್ರೆಡಿಟ್ ಇಲ್ಲದ, ಅಂದರೆ ಪದವಿಗೆ ಲೆಕ್ಕವಾಗದ, ಕೋರ್ಸ್‌ಗಳ ಫಲ ತೋರಿಸಲು ಕಲಿತವರ ಸರ್ವೆ, ರಾಜ್ಯದ ಸಂಬಳದ ದಾಖಲೆ ಇವೆರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ.

ಸರ್ವೆಗೆ ಖರ್ಚು ಜಾಸ್ತಿ. ಫೋನ್ ಮಾಡಿ ಬೆನ್ನುಹತ್ತುವವರು ಬೇಕು. ನಿರುದ್ಯೋಗ ವಿಮೆಗಾಗಿ ಮಾಲೀಕರು ಮೂರು ತಿಂಗಳಿಗೊಮ್ಮೆ ಕೊಡುವ ಸಂಬಳದ ಲೆಕ್ಕ ರಾಜ್ಯದ ಬಳಿ ಮೊದಲೇ ಇರುತ್ತದೆ.

ಆದರೆ ಕಲಿತವರ ಹೆಸರನ್ನು ಆ ಲೆಕ್ಕದ ಜೊತೆ ಹೊಂದಿಸಲು ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಒಬ್ಬೊಬ್ಬರಿಗೆ ಕೊಡುವ ಸಂಖ್ಯೆ) ಬೇಕು. ಸಂಜೆ ಇಂಗ್ಲಿಷ್ ಕಲಿಯಲು ಬರುವ ವಲಸಿಗರನ್ನು ಅದಕ್ಕಾಗಿ ಒತ್ತಾಯಿಸುವುದು ತಪ್ಪು, ಅಲ್ವಾ? ಸ್ವಂತ ಕೆಲಸ ಮಾಡುವವರು ಆ ಲೆಕ್ಕದಲ್ಲಿ ಸಿಗುವುದೇ ಇಲ್ಲ. ವೆಲ್ಡಿಂಗ್ ಕಲಿತವರು ವೆಲ್ಡಿಂಗೇ ಮಾಡುತ್ತಿದ್ದಾರಾ ಎಂಬುದೂ ಹೆಚ್ಚಿನ ರಾಜ್ಯಗಳಲ್ಲಿ ತಿಳಿಯುವುದಿಲ್ಲ. ಸರ್ವೆಯಲ್ಲಿ ತಿಳಿಯುತ್ತದೆ, ಉತ್ತರ ಬಂದರೆ.

ನರ್ಸಿಂಗ್ ಸಹಾಯಕರಂತೆ ಸಂಬಳದ ಕೆಲಸಕ್ಕೆ ಹೋಗುವ ದೊಡ್ಡ ಬ್ಯಾಚ್‌ಗಳಿಗೆ ದಾಖಲೆ ಸಾಕು. ಚಿಕ್ಕ ಬ್ಯಾಚ್, ಸ್ವಂತ ವ್ಯಾಪಾರದವರಿದ್ದರೆ ಸರ್ವೆಗೇ ದುಡ್ಡು ಹಾಕಿ.